ಹಿತ್ತಿಲ ಅಡುಗೆಮನೆಯ ಇತಿಹಾಸ

ಕೆಲವರಿಗೆ ಒಡವೆ ಕಂಡರೆ ಆಸೆ, ಕೆಲವರಿಗೆ ಕಾರು. ನನಗೆ ಹಳೆಯ ಊರು. ವಸಾಹತು ಕಾಲದ ಯಾರೋ ಸರ್ವೇಯರು ಬಿಸಿಲಲ್ಲಿ ಅಳತೆಯ ಸರಪಳಿ ಎಳೆದು ಗುರುತು ಹಾಕಿದ ರಸ್ತೆ ಕಂಡರೆ ಮೈಮೇಲೆ ದೇವರು ಬಂದಂತಾಗುತ್ತದೆ. ನಮ್ಮ ಸಿಡ್ನಿಯಲ್ಲಿ ಮೊದಲು ಬಂದವರು ಬಂಡೆ ಸುತ್ತಿ ನಡೆದದ್ದೇ ಬೀದಿಯಾಯಿತು, ಆಹಾ! ಮೆಲ್ಬರ್ನಿನಲ್ಲಿ ಗೀಟುಕೋಲು ಇಟ್ಟು ಎಳೆದ ಬೀದಿಗಳು, ಅದಕ್ಕೂ ಆಹಾ! ಅಲ್ಲಿ ನಡುರಸ್ತೆಯಲ್ಲಿ ಮೈಮರೆತು ನಿಂತವನನ್ನು ಹೆಂಡತಿ ಸುಮಾ, "ಟ್ರಾಮ್ ಬರ್ತಾ ಉಂಟು, ಬದಿಗೆ ಬನ್ನಿ ಮಾರಾಯ್ರೆ" ಎಂದು ಎಳೆದದ್ದೂ ಉಂಟು.

ಇಂಥ ನನಗೆ, ಸಿಡ್ನಿಯಲ್ಲೇ ಪ್ಯಾರಮಟ್ಟಾ ಹತ್ತಿರ ವಸಾಹತು ಕಾಲದ ಮರಳುಗಲ್ಲಿನ ಕಾಟೇಜೊಂದು ರೆಂಟ್‌ಗಿದೆ ಎಂದು ತಿಳಿದರೆ ಸುಮ್ಮನಿರಲಾದೀತೇ? ಒಬ್ಬನೇ ಓಡಿಹೋಗಿ ನೋಡಿಬಂದೆ. ನಡುವೆ ಬಾಗಿಲು, ಎರಡೂ ಕಡೆ ಅಳೆದಿಟ್ಟಂಥ ಕಿಟಕಿ, ಮುಂದೆ ತಗ್ಗು ಮಾಡಿನ ಜಗಲಿ. ಸಾಕ್ಷಾತ್ ಸ್ವರ್ಗ! ಒಂದೇ ತೊಡಕು. ಬೆಂಕಿಯ ಭಯಕ್ಕೆ ಆ ಕಾಲದವರು ಅಡುಗೆಮನೆಯನ್ನು ಹಿತ್ತಿಲಲ್ಲಿ ಬೇರೆಯಾಗಿ ಕಟ್ಟಿದ್ದರು. ಇಂದಿಗೂ ಅಡುಗೆ ಅಲ್ಲೇ; ಒಲೆ ಮಾತ್ರ ಹೊಸದು. ಸುಮಾಳಿಗೋ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿರುವ ತನ್ನ ತಂಗಿಯ ಹೊಸ ಮನೆಯಂಥ ಕಿಚನ್ ಬೇಕು. ಅವಳು ಬೇಡ ಎಂದರೆ ಮುಗಿಯಿತು, ನಾವಿದ್ದ ಎಪ್ಪಿಂಗಿನ ಅಪಾರ್ಟ್‌ಮೆಂಟೇ ಗತಿ.

ಶನಿವಾರ ಅವಳನ್ನು ಕರೆದೊಯ್ದು, ಜಗಲಿಯಲ್ಲೇ ತಡೆದು ಭಾಷಣ ಬಿಗಿಯತೊಡಗಿದೆ. ಕಲ್ಲಿನ ಮೇಲಿನ ಉಳಿ ಗುರುತು ತೋರಿಸಿದೆ, ಗೋಡೆಯ ದಪ್ಪವನ್ನು ಮೊಳದಲ್ಲಿ ಅಳೆದೆ.

"ಅದೆಲ್ಲ ಇರ್ಲಿ, ಅಡುಗೆಮನೆ ಎಲ್ಲುಂಟು?"

ಹಿತ್ತಿಲಿಗೆ ಕರೆದೊಯ್ದೆ. ಅವಳು ಒಳಗೆ ಹೊಕ್ಕು, ಮೇಲೆ ಕೆಳಗೆ ನೋಡಿ, "ಇಲ್ಲಿ ಬಂಗುಡೆ ಫ್ರೈ ಮಾಡಿದ್ರೆ ಮನೆಯೊಳಗಿನ ಸ್ಮೋಕ್ ಅಲಾರ್ಮ್ ಬೊಬ್ಬೆ ಹಾಕೂದಿಲ್ಲ ಅಲ್ವಾ?" ಎಂದಳು.

ಅಬ್ಬಾ! ನನಗೆ ರೆಕ್ಕೆ ಬಂತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾನಾಗುತ್ತಿದ್ದೆನೇ? "ಅಷ್ಟೇ ಅಲ್ಲ ಮಾರಾಯ್ತಿ! ಆ ಕಾಲದ ಯಜಮಾನಿಯರು ಇಲ್ಲಿಗೆ ಕಾಲೇ ಇಡ್ತಿರ್ಲಿಲ್ಲ. ಅಡುಗೆಯವ್ನು ಬೇಯಿಸಿ, ಅಂಗಳ ದಾಟಿ, ಬಿಸಿಬಿಸಿ ತಂದು ಬಡಿಸ್ಬೇಕು!"

"ಹೌದಾ?" ಸುಮಾಳ ಮುಖ ಅರಳಿತು. "ಹಾಗಾದ್ರೆ ಈ ಮನೆ ನಂಗೆ ಒಪ್ಪಿಗೆ. ಇತಿಹಾಸ ಉಂಟಲ್ಲ, ಅದನ್ನ ನಾವು ಹಾಳು ಮಾಡ್ಬಾರ್ದು. ಅಡುಗೆ ನೀವೇ ಮಾಡಿ."

ಈಗ ಸ್ವರ್ಗದಲ್ಲೇ ಇದ್ದೇವೆ. ನಾರ್ತ್ ಸಿಡ್ನಿಯ ಆಫೀಸಿನಿಂದ ಬಂದವನೇ ಹಿತ್ತಿಲು ಸೇರುತ್ತೇನೆ. ಮಳೆಯಿದ್ದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಾರಿನ ಪಾತ್ರೆ. ಅಂಗಳ ದಾಟಿ ತಂದಿಟ್ಟು, ಉಸ್ಸಪ್ಪಾ ಎಂದು ಕುಳಿತರೆ, ಸುಮಾ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಕಮ್ಮಿ ಆಯ್ತು" ಎನ್ನುತ್ತಾಳೆ.

ಉಪ್ಪಿನ ಡಬ್ಬಿ ಇರುವುದು ಹಿತ್ತಿಲಲ್ಲಿ.