ನಮ್ಮ ಕ್ಲಬ್ಬಿನ ಬಂದೂಕಿಗೆ ಅಂಟು ಹುಡುಕಿದ್ದು

ಬಂದೂಕಿನ ಕ್ಲಬ್ಬು ಅಂದಕೂಡಲೇ ಜನ ಸ್ವಲ್ಪ ಹಿಂದೆ ಸರಿದು ಕೂಡುತ್ತಾರೆ. ಅಷ್ಟು ಹೆದರುವಂಥದ್ದು ಅಲ್ಲಿ ಏನೂ ನಡೆಯುವುದಿಲ್ಲ. ಶಹಾಪುರದ ನಮ್ಮ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ಹಗಲು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಆಫೀಸು, ಸಂಜೆ ಮತ್ತು ಭಾನುವಾರ ಕ್ಲಬ್ಬು. ಆಫೀಸಿನಲ್ಲಿ ನಗು ಬಂದರೆ ಹೇಗೋ ತಡೆದುಕೊಳ್ಳಬಹುದು. ಕ್ಲಬ್ಬಿನಲ್ಲಿ ಕಷ್ಟ, ಯಾಕೆಂದರೆ ಅಲ್ಲಿ ಎಲ್ಲರೂ ತುಂಬ ಗಂಭೀರವಾಗಿರುತ್ತಾರೆ. ಒಂದು ಫಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಈ ವರ್ಷ ಒಂದು ಅಂಟಿನ ಸಲುವಾಗಿ ನಡೆದದ್ದಷ್ಟನ್ನೇ ಹೇಳುತ್ತೇನೆ.

೧. ಒಂದು ಬಂದೂಕು, ನಾಲ್ವರು ತಜ್ಞರು

ಕ್ಲಬ್ಬಿಗೆ ಇರುವುದು ಒಂದೇ ರೈಫಲ್ಲು. ಪಾಯಿಂಟ್ ಟೂ ಟೂ, ಹಳೆಯದು. ಅದನ್ನು ನೋಡಿಕೊಳ್ಳಲು ಮಾತ್ರ ನಾಲ್ವರಿದ್ದೇವೆ. ಬೇಳೆ ಮಿಲ್ಲಿನ ಸಾವ್ಕಾರ್ರು ಅಧ್ಯಕ್ಷರು. ವಕೀಲರು ಉಪಾಧ್ಯಕ್ಷರು. ಹಲ್ಲಿನ ಡಾಕ್ಟರು ಖಜಾಂಚಿ. ನಾನು ಉಳಿದದ್ದೆಲ್ಲ.

ಗುಂಡು ಹೊಡೆಯಲು ನಿಜವಾಗಿ ಬರುವವಳು ಒಬ್ಬಳೇ ಹುಡುಗಿ. ರಾಮಸಮುದ್ರದವಳು, ಡಿಗ್ರಿ ಕೊನೆಯ ವರ್ಷ, ಅಪ್ಪ ಬಸ್ ಕಂಡಕ್ಟರ್. ಗುಡ್ಡದ ಬುಡದಲ್ಲಿ ಚಾಪೆ ಹಾಸಿ ಬೋರಲು ಮಲಗಿದಳೆಂದರೆ ಅವಳಿಗೆ ಬಿಸಿಲಿಲ್ಲ, ಇರುವೆಯಿಲ್ಲ, ನಾವೂ ಇಲ್ಲ. ದಸರೆ ಮುಗಿದ ಮೇಲೆ ರಾಜ್ಯ ತಂಡದ ಆಯ್ಕೆ ಇತ್ತು. ಜೂನಿಯರ್ ವಿಭಾಗಕ್ಕೆ ಅವಳ ವಯಸ್ಸು ಈ ವರ್ಷಕ್ಕೆ ಮುಗಿಯುತ್ತದೆ. ಇದು ತಪ್ಪಿದರೆ ದೊಡ್ಡವರ ಸಾಲಿನಲ್ಲಿ, ಸ್ವಂತ ಬಂದೂಕು ಇರುವವರ ನಡುವೆ ನಿಲ್ಲಬೇಕು. ಅಲ್ಲಿಗೆ ಅವಳ ಕಥೆ ಮುಗಿದಂತೆಯೇ. ಇದು ನಮಗೆಲ್ಲ ಗೊತ್ತಿತ್ತು, ಅವಳಿಗಂತೂ ದಿನಾ ಗೊತ್ತಿತ್ತು.

ತೊಂದರೆ ಬಂದೂಕಿನಲ್ಲಿತ್ತು. ಒಂದು ದಿನ ಗುಂಡುಗಳು ಒಂದೇ ಕಡೆ ಹೋಗಿ ಬೀಳುತ್ತಿದ್ದವು, ಮರುದಿನ ಕಾಗದದ ಮೇಲೆ ಜೋಳ ಚೆಲ್ಲಿದ ಹಾಗೆ. ಹಾಗೆ ಚೆಲ್ಲಿದ ದಿನವೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಬಂದೂಕನ್ನು ಬಿಚ್ಚುತ್ತಿದ್ದರು. ಸಾವ್ಕಾರ್ರು ಸ್ಕ್ರೂ ಬಿಗಿ ಮಾಡಿ ಹೋಗುತ್ತಿದ್ದರು. ಬಹಳ ಬಿಗಿಯಾಯಿತೆಂದು ವಕೀಲರು ಸಡಿಲಿಸುತ್ತಿದ್ದರು. ಡಾಕ್ಟರು ಬಂದು ಎರಡರ ನಡುವೆ ನಿಲ್ಲಿಸುತ್ತಿದ್ದರು. ನಾನು ಎಣ್ಣೆ ಹಾಕುತ್ತಿದ್ದೆ. ಕೊನೆಗೆ ಯಾದಗಿರಿಯಲ್ಲಿರುವ ನಿವೃತ್ತ ಸುಬೇದಾರರೊಬ್ಬರನ್ನು ಕರೆಸಿದೆವು. ಅವರು ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನಳಿಗೆಯ ಕಬ್ಬಿಣ ಹಿಡಿಕೆಯ ಕಟ್ಟಿಗೆಯೊಳಗೆ ಗಟ್ಟಿಯಾಗಿ ಕೂತಿಲ್ಲ, ನಡುವಿನ ಸಂದಿಗೆ ಎಪಾಕ್ಸಿ ಅಂಟು ಹಾಸಿ ಕೂರಿಸಬೇಕು ಎಂದರು. ಯಾವ ಎಪಾಕ್ಸಿ ಎಂದು ಕೇಳಿದೆವು. ಚಲೋದು ನೋಡಿ ತರ್ರಿ ಎಂದು ಬಸ್ ಹತ್ತಿದರು.

ಆ ಒಂದು ಮಾತಿನಿಂದ ನಮಗೆ ದಸರೆಯವರೆಗೆ ಕೆಲಸ ಸಿಕ್ಕಿತು.

೨. ಅಂಟಿನ ಪರೀಕ್ಷೆ

ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಅಂಟೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಸಭೆಗೆ ಬಂದರು. ಸಾವ್ಕಾರ್ರು ಗ್ರಾನೈಟ್ ಕಲ್ಲಿಗೆ ಹಚ್ಚುವುದನ್ನು ಡಬ್ಬಿಗಟ್ಟಲೆ ತರಿಸಿದ್ದರು. ಅವರ ಮನೆಯ ಅಡಿಗೆಕಟ್ಟೆ ಅದರಿಂದಲೇ ನಿಂತಿದೆಯಂತೆ. ವಕೀಲರು ಸೋರುವ ನೀರಿನ ಟಾಕಿಗೆ ಮೆತ್ತುವ, ಎರಡು ಬಣ್ಣದ ಉಂಡೆ ನಾದಿ ಕಲಸುವಂಥದ್ದು ತಂದಿದ್ದರು. ಡಾಕ್ಟರು ಹಲ್ಲಿಗೆ ತುಂಬುವ ಅಂಟಿನ ಒಂದು ಸಣ್ಣ ಸಿರಿಂಜನ್ನು ಮೇಜಿನ ಮೇಲಿಟ್ಟು, ಇದು ಬಾಯೊಳಗ ಇಪ್ಪತ್ತು ವರ್ಷ ನಿಲ್ತದ, ಬಂದೂಕಿನ್ಯಾಗ ನಿಲ್ಲಲ್ಲೇನು ಎಂದು ಕೂತರು. ನಾನು ಹಾರ್ಡ್‌ವೇರ್ ಅಂಗಡಿಯ ಎರಡು ಟ್ಯೂಬಿನದು ಆಗಬಹುದೇನೋ ಎಂದೆ. ಕಾರ್ಯದರ್ಶಿ ಹೇಳಿದ್ದಕ್ಕೆ ಯಾರೂ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಮರದ ತುಂಡಿಗೆ ಕಬ್ಬಿಣದ ತುಂಡು ಅಂಟಿಸಿ ನೋಡುವುದೆಂದು ತೀರ್ಮಾನವಾಯಿತು. ಸಾವ್ಕಾರರ ಅಂಟು ಕಲ್ಲಿನಂತೆ ಗಟ್ಟಿಯಾಯಿತು, ಕೆಳಗೆ ಬಿದ್ದಾಗ ಕಲ್ಲಿನಂತೆಯೇ ಒಡೆಯಿತು. ವಕೀಲರದು ಒಣಗಿದ ಮೇಲೆ ಕಬ್ಬಿಣಕ್ಕೂ ಹತ್ತಲಿಲ್ಲ, ಮರಕ್ಕೂ ಹತ್ತಲಿಲ್ಲ, ಎರಡರ ನಡುವೆ ತಟಸ್ಥವಾಗಿ ಉಳಿಯಿತು. ಡಾಕ್ಟರು ನೀಲಿ ದೀಪ ಹಿಡಿದರೆ ಗಟ್ಟಿಯಾಗುವಂಥದ್ದು ಎಂದು ದೀಪವನ್ನೂ ತಂದಿದ್ದರು. ಆದರೆ ತುಂಡನ್ನು ಮೇಲೆ ಕೂರಿಸುವ ಮೊದಲೇ ದೀಪ ಒತ್ತಿಬಿಟ್ಟರು. ಅದು ಮರದ ಮೇಲೆ ಬಿಳಿ ಹಲ್ಲಿನ ಹಾಗೆ ಒಂಟಿಯಾಗಿ ನಿಂತಿತು.

ಇಷ್ಟಾಗಿಯೂ ಯಾರ ನಂಬಿಕೆಯೂ ಕದಲಲಿಲ್ಲ. ಕಬ್ಬಿಣವೇ ಸರಿಯಿಲ್ಲ ಎಂದು ಮೂವರೂ ಒಪ್ಪಿದರು. ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಹುಡುಗಿ, ಕಾಕಾ, ಇವತ್ತರ ಬಂದೂಕು ಸಿಗ್ತದೇನ್ರಿ ಎಂದು ನನ್ನನ್ನು ಕೇಳಿದಳು. ಬಂದೂಕು ಆಗ ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡಿತ್ತು. ನಾಳೆ ಬಾರವ್ವ ಎಂದೆ.

೩. ಅಂಗಡಿಯಲ್ಲಿ ಸತ್ಯ ಹೇಳಿದ್ದು

ಉಳಿದವರದು ಬಿದ್ದುಹೋದ ಮೇಲೆ ನನ್ನ ಎರಡು ಟ್ಯೂಬಿನ ಮಾತಿಗೆ ಜೀವ ಬಂತು. ಆದರೆ ಅದು ಐದು ನಿಮಿಷಕ್ಕೆ ಗಟ್ಟಿಯಾಗುವಂಥದ್ದು ಇರಬಾರದು, ನಮ್ಮ ಬಿಸಿಲಿಗೆ ಕಲಸುವಾಗಲೇ ಕಲ್ಲಾಗುತ್ತದೆ. ನಿಧಾನಕ್ಕೆ ಒಣಗುವ, ಕಬ್ಬಿಣದ ಪುಡಿ ಬೆರೆಸಿದ್ದು ಬೇಕು ಎಂದು ಸುಬೇದಾರರು ಫೋನಿನಲ್ಲಿ ಹೇಳಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ಮೊದಲು ಯಾಕೆ ಫೋನ್ ಮಾಡಲಿಲ್ಲ ಎಂದರು.

ಶಹಾಪುರದಲ್ಲಿ ಸಿಗಲಿಲ್ಲ, ಸುರಪುರದಲ್ಲಿ ಸಿಗಲಿಲ್ಲ. ಯಾದಗಿರಿಯ ಒಂದು ಅಂಗಡಿಯಲ್ಲಿ ಇತ್ತು. ಅಂಗಡಿಯವರು ಯಾವ ಕೆಲಸಕ್ಕೆ ಎಂದು ಕೇಳಿದರು. ಸರ್ಕಾರಿ ನೌಕರ ನಾನು, ಸುಳ್ಳು ಯಾಕೆ ಎಂದು ಬಂದೂಕಿಗೆ ಎಂದೆ. ಅವರು ಡಬ್ಬಿಯನ್ನು ಮೆಲ್ಲಗೆ ಮತ್ತೆ ಕಪಾಟಿನೊಳಗಿಟ್ಟರು. ಸ್ಟಾಕ್ ಇಲ್ಲ ಎಂದರು. ಈಗಲೇ ಕೈಯಲ್ಲಿತ್ತಲ್ಲ ಎಂದೆ. ಅದು ನೋಡಾಕ ಇಟ್ಟದ್ದು ಎಂದರು. ನಾನು ಕ್ಲಬ್ಬಿನ ಲೈಸೆನ್ಸಿನ ಪ್ರತಿ ತೆಗೆದು ತೋರಿಸುವಷ್ಟರಲ್ಲಿ ಬಾಗಿಲಲ್ಲಿ ಪೊಲೀಸರೊಬ್ಬರು ನಿಂತಿದ್ದರು. ಅಂಗಡಿಯ ಹುಡುಗ ಹಿಂದಿನ ಬಾಗಿಲಿಂದ ಹೋಗಿ ಕರೆತಂದಿದ್ದ.

ಪೊಲೀಸರು ಲೈಸೆನ್ಸನ್ನು ಎರಡೂ ಕಡೆ ಓದಿದರು. ಡಬ್ಬಿಯನ್ನು ಇಳಿಸಿ ಅದನ್ನೂ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಇದು ಬಂದೂಕಿಗೆ ಬ್ಯಾಡ್ರಿ, ನಾ ಒಂದು ಹೇಳ್ತೀನಿ ಅದನ್ನ ತಗೊಳ್ರಿ ಎಂದು ಶುರು ಮಾಡಿದರು. ಅವರಿಗೂ ಒಂದು ಅಂಟು ಗೊತ್ತಿತ್ತು. ಚಹಾ ಬಂತು. ಅಂಗಡಿಯವರಿಗೂ ಧೈರ್ಯ ಬಂದು ತಮ್ಮ ಅಭಿಪ್ರಾಯ ಸೇರಿಸಿದರು. ನಾನು ಎಲ್ಲವನ್ನೂ ಕೇಳಿ, ತಲೆಯಾಡಿಸಿ, ಮೊದಲಿನ ಡಬ್ಬಿಯನ್ನೇ ಕೊಂಡುಕೊಂಡೆ. ಹೊರಡುವಾಗ ಪೊಲೀಸರು ಹೆಗಲ ಮೇಲೆ ಕೈಯಿಟ್ಟು ತನಿಖೆಯ ಕೊನೆಯ ಪ್ರಶ್ನೆ ಕೇಳಿದರು: "ಉಳಿದ್ರ ಒಂಚೂರು ಕೊಡ್ತೀರೇನ್ರಿ? ನನ್ನ ಗಾಡಿ ಕನ್ನಡಿ ಅಲ್ಲಾಡ್ತದ."

೪. ಆಯುಧಕ್ಕೆ ಮಡಿ

ಬಂದೂಕು ಇರುವುದು ಸಾವ್ಕಾರರ ಮನೆಯ ತಿಜೋರಿಯಲ್ಲಿ. ಆದ್ದರಿಂದ ಕೆಲಸವೂ ಅಲ್ಲೇ. ಮಹಾನವಮಿಯ ಹಿಂದಿನ ಸಂಜೆ ಎಲ್ಲರೂ ಸೇರಿದೆವು. ಕಟ್ಟಿಗೆಯನ್ನು ಒಳಗೆ ಕೆರೆದು ಸಿದ್ಧ ಮಾಡಿದ್ದಾಯಿತು. ಟ್ರಿಗರಿನ ಕಡೆ ಅಂಟು ಇಳಿಯಬಾರದೆಂದು ಗೋಧಿಹಿಟ್ಟಿನ ಕಣಕ ತುಂಬಿದ್ದಾಯಿತು. ಮುಖ್ಯವಾದದ್ದು ಇನ್ನೊಂದು, ಅದನ್ನೂ ಸುಬೇದಾರರು ಆಮೇಲೆಯೇ ಫೋನಿನಲ್ಲಿ ಹೇಳಿದ್ದರು. ಅಂಟು ಕಟ್ಟಿಗೆಯನ್ನಷ್ಟೇ ಹಿಡಿಯಬೇಕು, ಕಬ್ಬಿಣವನ್ನು ಹಿಡಿಯಬಾರದು. ಒಣಗಿದ ಮೇಲೂ ಬಿಚ್ಚಿ ಸ್ವಚ್ಛ ಮಾಡಲು ಕಬ್ಬಿಣ ಸಲೀಸಾಗಿ ಮೇಲೆದ್ದು ಬರಬೇಕು. ಅದಕ್ಕೆ ಕಬ್ಬಿಣದ ಮೈಗೆಲ್ಲ ಮೇಣ ಸವರಬೇಕು. ಮೇಣದ ಬದಲು ಬೂಟ್ ಪಾಲಿಶ್ ನಡೆಯುತ್ತದೆ ಎಂದು ಸುಬೇದಾರರು ಹೇಳಿದ್ದರು. ನಾನೇ ಕೂತು ಕರಿ ಪಾಲಿಶ್ ಹಚ್ಚಿ, ಒಂದು ಸಂದಿಯೂ ಬಿಡದೆ ಹಚ್ಚಿ, ಒಣಗಲೆಂದು ತಿಜೋರಿಯಲ್ಲಿಟ್ಟು ಬೀಗ ಹಾಕಿಸಿ ಬಂದೆ.

ಸಾವ್ಕಾರರ ಮನೆಯಲ್ಲಿ ಅವರ ಸೋದರತ್ತೆ ಇದ್ದಾರೆ. ಆ ಮನೆಯ ಪೂಜೆ ಅವರ ಕೈಯಲ್ಲಿ, ಮಿಲ್ಲಿನ ಯಂತ್ರದಿಂದ ಹಿಡಿದು ಈಳಿಗೆಯವರೆಗೆ. ಬೆಳಗ್ಗೆ ಆಯುಧ ಪೂಜೆಗೆಂದು ಅವರೇ ತಿಜೋರಿ ತೆಗೆಸಿದರು. ಕಬ್ಬಿಣವನ್ನು ಹೊರತೆಗೆದರೆ ಕೈಗೆಲ್ಲ ಕರಿ. ಮೂಸಿ ನೋಡಿದರು. ಚಪ್ಪಲಿಗೆ ಹಚ್ಚುವ ಪಾಲಿಶ್. ವರ್ಷಕ್ಕೊಮ್ಮೆ ಪೂಜೆಗೆ ಕೂರುವ ಆಯುಧಕ್ಕೆ, ಪೂಜೆಯ ದಿನವೇ, ಚಪ್ಪಲಿಯ ಪಾಲಿಶ್. ಅತ್ತೆ ಯಾರನ್ನೂ ಬೈಯಲಿಲ್ಲ. ಹುಣಸೆಹಣ್ಣು ಮತ್ತು ಒಲೆಯ ಬೂದಿ ತರಿಸಿ, ದೇವರ ತಂಬಿಗೆ ತಿಕ್ಕುವ ಹಾಗೆ ತಿಕ್ಕಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಕಾಯಿ ಒಡೆದು, ಪೂಜೆ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ ಮತ್ತೆ ತಿಜೋರಿಯಲ್ಲಿ ಇಟ್ಟರು.

ಮಧ್ಯಾಹ್ನ ನಾವು ಹೋದೆವು. ಪಾಲಿಶ್ ಹಚ್ಚಿದರೆ ಇಷ್ಟು ಹೊಳಪು ಬರುತ್ತದೆಂದು ತಮಗೆ ಗೊತ್ತಿರಲಿಲ್ಲ ಎಂದು ವಕೀಲರು ನನ್ನನ್ನು ಹೊಗಳಿದರು. ಜೀವನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ನಾನೂ ಬೇಡವೆನ್ನಲಿಲ್ಲ. ಅಂಟು ಕಲಸಿದೆವು, ಹಾಸಿದೆವು, ಕಬ್ಬಿಣವನ್ನು ಕೂರಿಸಿ ಸ್ಕ್ರೂ ಹಾಕಿದೆವು. ಮರುದಿನ ವಿಜಯದಶಮಿ, ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಪರಸ್ಪರ ಹಾರೈಸಿದೆವು. ತಿಜೋರಿ ತೆಗೆದರೆ ಬಂದೂಕು ನಿಜವಾಗಿಯೂ ಬಂಗಾರದಂಗಿತ್ತು. ಕಬ್ಬಿಣ ಯಾವುದು, ಕಟ್ಟಿಗೆ ಯಾವುದು ಎಂದು ಬೇರೆ ಮಾಡಲು ಬರುತ್ತಿರಲಿಲ್ಲ.

ಹಚ್ಚಿದ ಪಾಲಿಶ್ ಎಲ್ಲಿ ಹೋಯಿತೆಂದು ಅತ್ತೆಯನ್ನು ಕರೆದು ಕೇಳಿದೆವು. "ಅಂಟು ಹಿಡೀಬೇಕಂದ್ರ ಮೈ ಸ್ವಚ್ಛ ಇರಬೇಕಲ್ಲೋ ತಮ್ಮಾ," ಎಂದು ಅವರು ನನಗೇ ತಿಳಿಹೇಳಿದರು. "ಹೊಲಸಿನ ಮ್ಯಾಲ ಹಚ್ಚಿದ್ರ ನಿಲ್ತಿತ್ತೇನು?"

೫. ಐಸ್ ಕ್ಯಾಂಡಿ ಪೆಟ್ಟಿಗೆ

ಆಯ್ಕೆಗೆ ಕೆಲವೇ ದಿನ ಉಳಿದಿತ್ತು. ನಾವು ನಾಲ್ವರು ಆ ಬಂದೂಕಿನ ಮೇಲೆ ಮಾಡದ ಪ್ರಯೋಗವಿಲ್ಲ. ಡಾಕ್ಟರು ಹಲ್ಲು ಕೀಳುವ ನಾಜೂಕಿನಲ್ಲಿ ಮರದ ಸುತ್ತಿಗೆಯಿಂದ ತಟ್ಟಿದರು. ವಕೀಲರು ಬಿಸಿನೀರಿನ ಬಟ್ಟೆ ಸುತ್ತಿದರು. ತಣ್ಣಗಾದರೆ ಕಬ್ಬಿಣ ಕುಗ್ಗಿ ಬಿಡುತ್ತದೆಂದು ಯಾರೋ ಹೇಳಿದ್ದಕ್ಕೆ ಸಾವ್ಕಾರ್ರು ಪರಿಚಯದ ಐಸ್ ಕ್ಯಾಂಡಿ ಅಂಗಡಿಯ ಪೆಟ್ಟಿಗೆಯಲ್ಲಿ ಇಡಿಸಿದರು. ಅಂಗಡಿಯ ಮುಂದೆ ನಾನು ಲೈಸೆನ್ಸ್ ಹಿಡಿದು ಕಾವಲು ಕೂತೆ. ಕ್ಯಾಂಡಿ ಕೊಳ್ಳಲು ಬಂದ ಅಜ್ಜಿಯೊಬ್ಬಳು ಪೆಟ್ಟಿಗೆಯೊಳಗೆ ಇಣುಕಿ, ಅದ್ಯಾವ ಫ್ಲೇವರಪ್ಪಾ ಎಂದು ಕೇಳಿದಳು. ಸಂಜೆ ಹೊರತೆಗೆದಾಗ ಬಂದೂಕಿನ ಮೈಮೇಲೆ ಮಂಜಿತ್ತು, ಅಂಟು ಮಾತ್ರ ಅಲ್ಲಾಡಿರಲಿಲ್ಲ.

ಆಗ ಜವಾಬ್ದಾರಿಯ ಮಾತು ಬಂತು. ತಾನು ಕೇವಲ ಜಾಗ ಕೊಟ್ಟವನು ಎಂದರು ಸಾವ್ಕಾರ್ರು. ಈ ಅಂಟನ್ನು ತಾನು ಮೊದಲಿಂದಲೂ ವಿರೋಧಿಸಿದ್ದೇನೆ ಎಂದರು ವಕೀಲರು. ಹಲ್ಲಿನದ್ದನ್ನೇ ಬಳಸಿದ್ದರೆ ದೀಪ ಹಿಡಿಯುವವರೆಗೆ ಕಾಯುತ್ತಿತ್ತು ಎಂದರು ಡಾಕ್ಟರು. ಮೂವರೂ ನನ್ನ ಕಡೆ ನೋಡಿದರು.

ಹುಡುಗಿ ಬಂದಾಗ ನಾನು ಬಂದೂಕನ್ನೇ ಅವಳ ಕೈಗಿಟ್ಟೆ. ಅವಳು ತಿರುಗಿಸಿ ನೋಡಿದಳು. ಗುಂಡು ತುಂಬುವ ಬೋಲ್ಟ್ ಹಿಂದೆ ಮುಂದೆ ಓಡಿತು. ಟ್ರಿಗರ್ ಒತ್ತಿದರೆ ಟಕ್ ಎಂದಿತು. ಸ್ಕ್ರೂ ತೆಗೆದು ಎಳೆದಳು, ಬರಲಿಲ್ಲ. "ಇದು ಇನ್ನ ಬಿಚ್ಚಾಕ ಬರೂದೇ ಇಲ್ಲೇನ್ರಿ ಕಾಕಾ?" ಎಂದಳು. ಇಲ್ಲವ್ವಾ, ತಪ್ಪಾಯಿತು ಎಂದೆ. ಅತ್ತುಬಿಟ್ಟಾಳು ಎಂದು ಕರವಸ್ತ್ರ ತೆಗೆದು ಹಿಡಿದುಕೊಂಡೆ. ಅವಳು ಮತ್ತೊಮ್ಮೆ ಎಳೆದು ನೋಡಿ, ಹಾಂಗಾದ್ರ ನಾಳಿಂದ ಬರ್ತೀನ್ರಿ ಎಂದು ಚಾಪೆ ಮಡಿಚಿ ಹೋದಳು. ಪಾಪ, ಆಘಾತದಲ್ಲಿ ಏನಾಯಿತೆಂದೇ ಅವಳಿಗೆ ತಿಳಿದಿಲ್ಲ ಎಂದು ನಾವೆಲ್ಲ ಮರುಗಿದೆವು.

೬. ಸನ್ಮಾನ

ಅವಳು ಆಯ್ಕೆಯಾದಳು, ಅದೇ ಬಂದೂಕಿನಲ್ಲಿ.

ಅವಳ ಅಪ್ಪನ ಫೋನು ಬಂದಾಗ ನಾನು ಆಫೀಸಿನಲ್ಲಿದ್ದೆ. ಕಂಡಕ್ಟರ್ ಮನುಷ್ಯ, ಬಸ್ಸಿನ ಗದ್ದಲದಲ್ಲಿ ಕೂಗಿ ಕೂಗಿ ರೂಢಿ, ಅಂದು ಮಾತ್ರ ಪಿಸುಮಾತಿನಲ್ಲಿ ಸುದ್ದಿ ಹೇಳಿದರು. ನಾನು ಕುರ್ಚಿಯಲ್ಲೇ ಕಣ್ಣು ಒರೆಸಿಕೊಂಡೆ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿತು, ಅಂಟಿನ ಸುದ್ದಿಯೂ ಮುಟ್ಟಿತು. ಬಂದೂಕು ಹೀಗೆ ಒಂದೇ ಮೈಯಾದರೆ ಗುರಿ ತಪ್ಪುವುದಿಲ್ಲವಂತೆ, ದೊಡ್ಡ ದೊಡ್ಡ ಶೂಟರುಗಳು ಬೇಕೆಂದೇ ಅಂಟಿಸುತ್ತಾರಂತೆ ಎಂದು ಸುಬೇದಾರರು ಫೋನಿನಲ್ಲಿ ಹೇಳಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಈ ಸಲ ನಾನು ಕೇಳಲಿಲ್ಲ.

ಸನ್ಮಾನ ಸಾವ್ಕಾರರ ಮಿಲ್ಲಿನ ಅಂಗಳದಲ್ಲಿ. ಹುಡುಗಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲು ಸಾವ್ಕಾರ್ರು ಮಾತಾಡಿದರು. ಕಬ್ಬಿಣ ಕಟ್ಟಿಗೆ ಎರಡೂ ಕಲ್ಲಿನಂತೆ ಒಂದಾಗಬೇಕೆಂದು ತಾನು ಮೊದಲ ಸಭೆಯಲ್ಲೇ ಹೇಳಿದ್ದೆ ಎಂದರು. ವಕೀಲರು, ಎಷ್ಟೇ ವಿರೋಧ ಬಂದರೂ ಈ ಅಂಟಿನ ಪರವಾಗಿ ತಾನು ಗಟ್ಟಿಯಾಗಿ ನಿಂತೆ ಎಂದರು. ಡಾಕ್ಟರು, ಅಂಟಿಸುವ ಮೊದಲು ಮೈಯನ್ನು ಚೆನ್ನಾಗಿ ತೊಳೆದು ಒಣಗಿಸುವುದು ತಮ್ಮ ವೃತ್ತಿಯ ಮೂಲಮಂತ್ರ ಎಂದರು. ಅತ್ತೆ ಡಾಕ್ಟರ ಕಡೆ ಒಮ್ಮೆ ನೋಡಿದರು. ನಾನು ವಂದನಾರ್ಪಣೆಯಲ್ಲಿ, ಡಬ್ಬಿ ತಂದವನು ನಾನೇ ಎಂಬುದನ್ನು ವಿನಯದಿಂದ ಸೇರಿಸಿದೆ.

ಕೊನೆಗೆ ಹುಡುಗಿಗೆ ಮೈಕು ಕೊಟ್ಟು, ಯಶಸ್ಸಿಗೆ ಯಾವ ಅಂಟು ಕಾರಣ, ಹೇಳವ್ವಾ ಎಂದರು ಸಾವ್ಕಾರ್ರು. ಅವಳು ಪೇಟ ಸರಿಮಾಡಿಕೊಂಡು ನಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಅಂಟು ಯಾವುದಾದ್ರೂ ನಡೀತಿತ್ತೇನೋ ನನಗ ಗೊತ್ತಿಲ್ರಿ. ಖರೇ ಹೇಳಬೇಕಂದ್ರ, ಮೊದಲ ನಾ ಸಂಜಿ ಬಿಟ್ಟು ಹೋದ ಬಂದೂಕು ಬೆಳಿಗ್ಗಿ ಬ್ಯಾರೇನ ಆಗಿರ್ತಿತ್ರಿ. ಈ ಸಲ ಅದನ್ನ ಯಾರಿಗೂ ಬಿಚ್ಚಾಕ ಬರಲಿಲ್ಲ. ಅಷ್ಟ ಸಾಕಾತ್ರಿ."

ಅದು ಉಳಿದ ಮೂವರಿಗೆ ಹೇಳಿದ ಮಾತು ಎಂದು ನಾವು ನಾಲ್ವರೂ ತಿಳಿದುಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆವು.