ಉಗುಳಲು ಜಾಗವಿಲ್ಲದ ಊರು

ಎಲೆ ಅಡಿಕೆ ಹಾಕುವವನು ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ದೇವಸ್ಥಾನವನ್ನಲ್ಲ, ಉಗುಳುವುದಕ್ಕೊಂದು ಜಾಗವನ್ನು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗಗಳಲ್ಲಿ ನನಗೆ ಈ ತೊಂದರೆ ಎಂದೂ ಆಗಿರಲಿಲ್ಲ. ಆದದ್ದು ಜಪಾನಿನಲ್ಲಿ.

ನನ್ನ ಮಗಳು ರೇಣುಕಾ ಅಲ್ಲಿ ಬೆಟ್ಟದ ಬುಡದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸು. ದೀಪಾವಳಿ ಕಳೆದ ಮೇಲೆ ನನ್ನನ್ನು ಕರೆಸಿಕೊಂಡಳು. ಊರು ನಮ್ಮ ಹೊಳಲ್ಕೆರೆಗಿಂತ ತುಸು ದೊಡ್ಡದಿರಬಹುದು. ಬೆನ್ನ ಹಿಂದೆ ಬೆಟ್ಟ, ನಮ್ಮ ಜೋಗಿಮಟ್ಟಿಯ ಮೇಲೆ ಇನ್ನೆರಡು ಜೋಗಿಮಟ್ಟಿ ಇಟ್ಟ ಹಾಗೆ, ತುದಿಯಲ್ಲಿ ಹಿಮ. ಶಾಲೆ ದೊಡ್ಡದು, ಮಕ್ಕಳು ಕಡಿಮೆ. ಬೀದಿಯಲ್ಲಿ ಸಿಗುವವರೆಲ್ಲ ನನ್ನ ವಯಸ್ಸಿನವರೇ. ಮನೆ ಮನೆಯ ಅಂಗಳದಲ್ಲೂ ಕಿತ್ತಳೆ ಬಣ್ಣದ ಹಣ್ಣು ಬಿಟ್ಟ ಮರ, ಯಾರೂ ಕಲ್ಲು ಹೊಡೆಯುವುದಿಲ್ಲ. ಮನೆಗಳ ಮುಂದೆ ಕಲ್ಲು ಕಟ್ಟಿದ ಕಾಲುವೆ, ಅದರಲ್ಲಿ ಬೆಟ್ಟದ ನೀರು, ನೀರಲ್ಲಿ ಮೀನು. ಕಸದ ಡಬ್ಬಿ ಮಾತ್ರ ಎಲ್ಲೂ ಇಲ್ಲ.

ಹಿಂದೆ ನನ್ನ ಬಾಯಲ್ಲಿ ಹುಣ್ಣಾದಾಗ ಮಗಳು ಅತ್ತಿದ್ದಳು. ಎಲೆ ಅಡಿಕೆ ಬಿಟ್ಟೆ ಎಂದು ಆಗಲೇ ಅವಳಿಗೆ ಮಾತು ಕೊಟ್ಟಿದ್ದೆ. ಆದರೂ ಪಂಚೆಯ ಮಡಿಕೆಯಲ್ಲಿ ಸಾಮಾನು ಜೊತೆಗೇ ಬಂದಿತ್ತು. ಒಂದು ಬೆಳಗ್ಗೆ ಅವಳು ಕೆಲಸಕ್ಕೆ ಹೋದ ಕೂಡಲೇ ಹಾಕಿಕೊಂಡು ಹೊರಗೆ ಬಂದೆ. ಎದುರಿಗೆ ಬಂದವರೆಲ್ಲ ಬಗ್ಗಿ ನಮಸ್ಕಾರ ಮಾಡಿದರು. ನಾನೂ ಕೆನ್ನೆ ಉಬ್ಬಿಸಿಕೊಂಡೇ ಬಗ್ಗಿದೆ. ಎಷ್ಟು ನಡೆದರೂ ಒಂದು ಪಾಳು ಗೋಡೆ ಸಿಗಲಿಲ್ಲ. ಕೊನೆಗೆ ಕಾಲುವೆಗೇ ಉಗುಳಿದೆ.

ಕೆಳಗಡೆ ಮಗಳ ಬಾಡಿಗೆ ಮನೆಯ ಒಡತಿ, ಒಬ್ಬ ಅಜ್ಜಿ, ಅದೇ ನೀರಿನಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ನೀರು ಕೆಂಪಗೆ ಬಂತು. ಅಜ್ಜಿ ತಲೆ ಎತ್ತಿ ನನ್ನ ತುಟಿ ನೋಡಿದಳು. ಮೂಲಂಗಿ ಬಿಟ್ಟು ಓಡಿಬಂದು, ನನ್ನನ್ನು ಹಿಡಿದು ಕೂರಿಸಿ, ಕೂಗಿ ಜನ ಸೇರಿಸಿದಳು. ವಿವರಿಸೋಣವೆಂದರೆ ನನಗೆ ಭಾಷೆ ಬಾರದು. ಆಂಬುಲೆನ್ಸ್ ಬಂತು. ಆಸ್ಪತ್ರೆಗೆ ಓಡಿಬಂದ ಮಗಳ ಮುಖ ಬಿಳಿಚಿತ್ತು.

"ಅಪ್ಪ, ರಕ್ತ ಯಾವಾಗಿಂದ ಬರ್ತೈತೆ? ಗಂಟಲಿಗೆ ಪೈಪ್ ಬಿಟ್ಟು ನೋಡ್ತಾರಂತೆ."

"ರಕ್ತ ಅಲ್ಲ ಕಣವ್ವ, ಅಡಿಕೆ."

ಅವಳು ನನ್ನ ಬಾಯಿ ತೆರೆಸಿ ನೋಡಿದಳು. "ಬಿಟ್ಟಿದೀನಿ ಅಂದಿದ್ದಲ್ಲ?"

"ಬಿಡಾಣ ಅಂತಲೇ ಇದ್ದೆ."

ಆಮೇಲೆ ಅವಳು ಡಾಕ್ಟರಿಗೆ ಬಗ್ಗಿದಳು, ಆಂಬುಲೆನ್ಸಿನವರಿಗೆ ಬಗ್ಗಿದಳು, ಅಜ್ಜಿಗೆ ಇನ್ನೂ ಕೆಳಕ್ಕೆ ಬಗ್ಗಿದಳು. ನನ್ನ ತಪ್ಪಿಗೆ ಮಗಳ ಬೆನ್ನು ಬಗ್ಗುವುದನ್ನು ನೋಡುತ್ತ ಕೂತಿದ್ದೆ. ಹುಣ್ಣು ಕೂಡ ಅಷ್ಟು ಉರಿದಿರಲಿಲ್ಲ.

ಮರುದಿನ ಅಜ್ಜಿ ಬಂದಳು. ಬೈಯಲಿಲ್ಲ, ಉದ್ದ ಹಿಡಿಯ ಬ್ರಷ್ಷೊಂದನ್ನು ನನ್ನ ಕೈಗೆ ಕೊಟ್ಟಳು. ಮನೆ ಮುಂದಿನ ಕಾಲುವೆಯನ್ನು ಅವರವರೇ ಉಜ್ಜುವುದು ಆ ಬೀದಿಯ ಪದ್ಧತಿಯಂತೆ. ಅಲ್ಲಿ ಇದ್ದಷ್ಟು ದಿನವೂ ಉಜ್ಜಿದೆ. ಜಪಾನ್ ಹೆಂಗೈತೆ ಎಂದು ಕೇಳುವವರಿಗೆ ಅಲ್ಲಿಯ ರೈಲಿನ ವಿಚಾರ ಹೇಳಲಾರೆ. ಆ ಕಾಲುವೆಯ ಕಲ್ಲುಗಳನ್ನು ಮಾತ್ರ ಒಂದೊಂದಾಗಿ ಬಲ್ಲೆ.

ನಮ್ಮೂರು ಹೊಸದುರ್ಗಕ್ಕೆ ವಾಪಸ್ ಬಂದ ಮೇಲೂ ಮನೆ ಮುಂದಿನ ಚರಂಡಿ ಉಜ್ಜುತ್ತಿದ್ದೇನೆ. "ಅಷ್ಟು ದೂರ ಹೋಗಿ ಕಲ್ತಿದ್ದು ಇದೇನಾ? ನೋಡ್ದೋರು ನಗ್ತಾರೆ, ಒಳಗೆ ಬರ್ರಿ" ಎನ್ನುತ್ತಾಳೆ ಹೆಂಡತಿ. ಭಾನುವಾರ ಮಗಳು ವಿಡಿಯೊ ಕಾಲ್ ಮಾಡಿ, "ಅಪ್ಪ, ಚರಂಡಿ ತೋರ್ಸು" ಎನ್ನುತ್ತಾಳೆ. ತೋರಿಸುತ್ತೇನೆ. ಒಂದು ಕೆಂಪು ಕಲೆಯೂ ಇಲ್ಲ. ಅವಳಿಗೆ ಖುಷಿ. ಪಕ್ಕದಲ್ಲಿರುವ ಅಜ್ಜಿಗೂ ತೋರಿಸುತ್ತಾಳೆ. ಅಜ್ಜಿ ಅಲ್ಲಿಂದಲೇ ಬಗ್ಗುತ್ತಾಳೆ. ನಾನೂ ಬಾಯಿ ಬಿಡದೆ ಬಗ್ಗುತ್ತೇನೆ. ಫೋನ್ ಇಟ್ಟ ಮೇಲೆ ಹಿಂದಿನ ಬೀದಿಗೆ ಹೋಗಿ ಉಗುಳಿ ಬರುತ್ತೇನೆ.