ಮೇಲ್ಮನೆಯಲ್ಲಿ ಬಾಕಿ ಉಳಿದ ಮಸೂದೆ

ದೋಸೆಗೆ ನೆನೆಸಲು ಅಕ್ಕಿ ತೊಳೆಯುತ್ತಿದ್ದೆ. ಗುಡ್ಡದ ಮೇಲಿನ ಮನೆಯಿಂದ ಕೂಗು ಕೇಳಿತು: "ಅಧಿವೇಶನ ಮೂರು ದಿನ ವಿಸ್ತರಣೆ!" ಕೈಯಿಂದ ಪಾತ್ರೆ ಜಾರಿ ಅರ್ಧ ಅಕ್ಕಿ ನೀರಿನೊಟ್ಟಿಗೆ ಹೋಯಿತು. ಅರ್ಧ ಉಳಿಯಿತಲ್ಲ, ದೇವರು ದೊಡ್ಡವನು. ದಿಲ್ಲಿಯ ಸಂಸತ್ತು ಮೂರು ದಿನ ಹೆಚ್ಚು ಕೂತರೆ ಕಡಬದ ಹೆಂಗಸಿಗೆ ಎಂಥ ನಡುಕ ಅನ್ನುತ್ತೀರಾ? ನಿಮಗೆ ನಮ್ಮ ಚಿಕ್ಕಮಾವ ಗೊತ್ತಿಲ್ಲ!

ನನ್ನ ಗಂಡನ ಚಿಕ್ಕಪ್ಪ ಇವರು. ಸಂಸತ್ತಿಗೆ ಒಂದು ದಿನವೂ ಗೈರಾಗದವರು ಯಾರಾದರೂ ಇದ್ದರೆ ಇವರೇ. ಕೂರುವುದು ಮಾತ್ರ ನಮ್ಮ ಗುಡ್ಡದ ಮೇಲೆ, ಟಿವಿಯ ಮುಂದೆ. ಅವರ ಮನೆ ಮೇಲೆ, ನಮ್ಮದು ಕೆಳಗೆ. ಊರವರು ಮೇಲ್ಮನೆ, ಕೆಳಮನೆ ಎಂದೇ ಕರೆಯುವುದು. ಅಷ್ಟು ಸಾಕಾಯಿತು ಇವರಿಗೆ! ಬಾವಿಗೆ ಪಂಪು ಇಡುವುದಾದರೂ ಕೆಳಮನೆಯಲ್ಲಿ ಪಾಸಾಗಿ ಮೇಲ್ಮನೆಗೆ ಹೋಗಬೇಕು. ಅಲ್ಲಿ ಸದಸ್ಯರು ಒಬ್ಬರೇ. ಸಭಾಪತಿಯೂ ಅವರೇ, ವಿರೋಧಪಕ್ಷವೂ ಅವರೇ. ಒಮ್ಮೆ ನಮ್ಮ ಬಚ್ಚಲಿನ ಹಂಚು ಬದಲಿಸುವ ವಿಷಯವನ್ನು "ಅನಿರ್ದಿಷ್ಟಾವಧಿಗೆ ಮುಂದೂಡಲಾಗಿದೆ" ಎಂದು ಗಂಟೆ ಬಾರಿಸಿ ಎದ್ದುಬಿಟ್ಟರು. ಆ ಮಳೆಗಾಲವಿಡೀ ನಾವು ಕೊಡೆ ಹಿಡಿದು ಸ್ನಾನ ಮಾಡಿದೆವು!

ಪುತ್ತೂರಿನ ಡಾಕ್ಟರು ಅವರ ಹೃದಯದ ಚಿತ್ರ ತೋರಿಸುವವರೆಗೆ ನಗುತ್ತಲೇ ಇದ್ದೆವು. "ಒಂದು ವಾರದೊಳಗೆ ಆಪರೇಷನ್ ಆಗಬೇಕು. ತಡವಾದರೆ ನನ್ನ ಕೈಯಲ್ಲಿಲ್ಲ" ಎಂದು ಗುರುವಾರಕ್ಕೆ ದಿನ ಕೊಟ್ಟರು. ಅಧಿವೇಶನ ಬುಧವಾರ ಮುಗಿಯುವುದಿತ್ತು, ಮಾವನೂ ಒಪ್ಪಿ ತಲೆಯಾಡಿಸಿದ್ದರು. ಈಗ ನೋಡಿದರೆ ಯಾವುದೋ ಮಸೂದೆ ಎರಡು ಸದನಗಳ ನಡುವೆ ಸಿಕ್ಕಿಬಿದ್ದು ಕಲಾಪ ಶನಿವಾರಕ್ಕೆ ಹೋಗಿದೆ!

ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿದೆ. ಮಾವ ಎದೆ ತಿಕ್ಕಿಕೊಳ್ಳುತ್ತ ಟಿವಿ ನೋಡುತ್ತಿದ್ದರು.

"ಎಂತ ಮಾವ, ನಾಡಿದ್ದು ಹೋಗುದಲ್ವಾ?"

"ಎಲ್ಲಿಗೆ ಮಾರಾಯ್ತಿ? ಮಸೂದೆ ಬಾಕಿ ಉಂಟು."

"ಎಂತದ್ದು ಆ ಮಸೂದೆ?"

"ಎಂತದ್ದೋ. ಬಾಕಿ ಉಂಟು, ಅಷ್ಟೆ."

"ನಿಮ್ಮ ಆಪರೇಷನ್ ಕೆಳಮನೆಯಲ್ಲಿ ಪಾಸಾಗಿ ನಾಲ್ಕು ದಿನ ಆಯ್ತು."

"ಮೇಲ್ಮನೆಯ ಪರಿಶೀಲನೆಯಲ್ಲಿ ಉಂಟು."

ಮಾವನ ಹಣೆಯ ಮೇಲೆ ಬೆವರು. ದೇವರೇ ನೆನಪಿಸಿದನೋ ಏನೋ, ಮಾವನೇ ವರ್ಷಗಟ್ಟಲೆ ನನ್ನ ತಲೆಗೆ ಕೊರೆದ ಪಾಠವೊಂದು ತಟ್ಟನೆ ಹೊಳೆಯಿತು. ಅಂಗಳದ ಅಂಚಿಗೆ ಓಡಿ ಕೆಳಮನೆಯಲ್ಲಿದ್ದ ಗಂಡನನ್ನೂ ಅವರ ತಾಯಿಯನ್ನೂ, ಅಂದರೆ ನನ್ನ ಅತ್ತೆಯನ್ನೂ, ಕೂಗಿ ಕರೆದೆ. ಅತ್ತೆ ಏದುಸಿರು ಬಿಡುತ್ತ ಒಳಗೆ ಬಂದ ಕೂಡಲೇ ಮೇಜಿನ ಮೇಲಿದ್ದ ಮಾವನ ಗಂಟೆಯನ್ನು ನಾನೇ ಬಾರಿಸಿದೆ!

"ಎರಡು ಮನೆಗೆ ಒಪ್ಪಿಗೆ ಆಗದಿದ್ರೆ ಎಂತ ಮಾಡುದು ಮಾವ? ಜಂಟಿ ಅಧಿವೇಶನ! ಆಪರೇಷನ್ ಬೇಕು ಅನ್ನುವವರು ಕೈ ಎತ್ತಿ!"

ಮೂರು ಕೈ ಎದ್ದವು. ಆಚೆ ಕಡೆ ಮಾವ ಒಬ್ಬರೇ.

"ಕಲಿಸಿದ್ದೇ ತಪ್ಪಾಯ್ತು" ಎನ್ನುತ್ತ ಅವರು ಟಿವಿ ಆರಿಸಿದರು. ಆರಿದ ಪರದೆಯನ್ನೇ ನೋಡುತ್ತ ರಿಮೋಟನ್ನು ಎದೆಗವಚಿಕೊಂಡು ಕೂತರು; ಅವರಿಗೆ ನನಗಿಂತ ಹೆಚ್ಚು ಹೆದರಿಕೆಯೆಂದು ಆಗಲೇ ನನಗೆ ಕಂಡದ್ದು.

ಗುರುವಾರ ಆಪರೇಷನ್ ಕೋಣೆಯ ಬಾಗಿಲಲ್ಲಿ ಮಾವ ತಳ್ಳುಮಂಚ ನಿಲ್ಲಿಸಲು ಹೇಳಿದರು. "ಕಲಾಪವನ್ನು..." ಎಂದು ಶುರುಮಾಡಿದರು. ಆ ಹಾಳು 'ಅನಿರ್ದಿಷ್ಟಾವಧಿ' ಬಂದೇಬರುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ.

"...ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಮುಂದೂಡಲಾಗಿದೆ. ನೀನು ಬರ್ಬೇಕು ಮಗಾ. ಕೋರಂ ಬೇಕಲ್ಲ."

ಆಪರೇಷನ್ ಮುಗಿಯಿತು. ಬೆಳಿಗ್ಗೆ ಎಚ್ಚರವಾದ ಮೇಲೆಯೇ ಏನಾದರೂ ಹೇಳಬಹುದು ಅಂದರು ಡಾಕ್ಟರು. ಮನೆಯಲ್ಲಿ ಅತ್ತೆ ಒಬ್ಬರೇ ಎಂದು, ಬೆಳಿಗ್ಗೆ ಹನ್ನೊಂದರೊಳಗೆ ಮರಳುವ ಲೆಕ್ಕದಲ್ಲಿ, ಗಂಡನನ್ನು ಅಲ್ಲಿ ಬಿಟ್ಟು ಸಂಜೆಯ ಬಸ್ಸು ಹತ್ತಿದೆ. ಕೂರಲು ಸೀಟು ಸಿಕ್ಕಿತು, ಅದೂ ದೇವರ ದಯೆಯೇ. ಮನೆಗೆ ಬಂದು ದೀಪ ಹಚ್ಚಿ ಅಕ್ಕಿ ಅಳೆದೆ. ಕೆಳಮನೆಗೆ ಎರಡು ಪಾವು. ಕೈ ಡಬ್ಬದೊಳಗೇ ನಿಂತಿತು. ಆಮೇಲೆ ಮೇಲ್ಮನೆಯದ್ದೂ ಒಂದು ಪಾವು ಹಾಕಿ ತೊಳೆಯಲು ಕೂತೆ, ಈ ಸಲ ಒಂದು ಕಾಳೂ ಜಾರದ ಹಾಗೆ.